ನೋವಿಲ್ಲದ ಸವಕಳಿ

ಆದೋನಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರಕ್ಕೆ ತೊಗಲಿನ ರೋಲರ್ ಇರುತ್ತದೆ. ಉಕ್ಕಿನ ಅಲಗು ಅದಕ್ಕೆ ಒತ್ತಿಕೊಂಡಿರುತ್ತದೆ, ರೋಲರ್ ತಿರುಗುತ್ತಲೇ ಇರುತ್ತದೆ, ತಿರುಗಿದಷ್ಟೂ ತೊಗಲು ಸವೆಯುತ್ತದೆ. ಈ ತೊಗಲು ಕ್ರೋಮ್ ಹಾಕಿ ಹದ ಮಾಡಿದ್ದು. ಹಾಗಾಗಿ ಸವೆದ ಪುಡಿಯ ಜತೆ ಕ್ರೋಮಿಯಂ ಅರಳೆಗೂ ಸೇರುತ್ತದೆ, ಮಿಲ್ಲಿನಲ್ಲಿ ದುಡಿಯುವವರ ಉಸಿರಿಗೂ ಸೇರುತ್ತದೆ ಎಂಬುದನ್ನು ಹತ್ತಿ ತಂತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡರು. ಕ್ರೋಮ್ ಇಲ್ಲದ ರಬ್ಬರ್ ರೋಲರ್‌ಗಳನ್ನೂ ಮಾಡಿ ನೋಡಿದರು. ಆದರೆ ಮಿಲ್ಲಿನವರಿಗೆ ಬೇಕಿದ್ದದ್ದು ಒಂದೇ ಲೆಕ್ಕ: ರೋಲರ್ ಎಷ್ಟು ದಿನ ಬಾಳುತ್ತದೆ? ಸವೆದುಹೋದ ತೊಗಲು ಎಲ್ಲಿಗೆ ಹೋಯಿತು ಎಂದು ಕೇಳಿದವರು ಕಡಿಮೆ.

ಕೃತಕ ಕೀಲು ಹಾಕಿಸಿಕೊಳ್ಳುವಾಗಲೂ ನಾವು ಕೇಳುವುದು ಆ ಒಂದೇ ಲೆಕ್ಕವನ್ನು. "ಎಷ್ಟು ವರ್ಷ ಬರ್ತದ್ರಿ ಡಾಕ್ಟ್ರೇ?" ಹದಿನೈದು ವರ್ಷ, ಇಪ್ಪತ್ತು ವರ್ಷ ಎಂದು ಡಾಕ್ಟರು ಹೇಳುತ್ತಾರೆ. ಬಸ್ಸಿನ ಟೈರಿನ ಹಾಗೆ ಕೀಲು ತೆಳ್ಳಗಾಗಿ ಒಂದು ದಿನ ಮುಗಿದುಹೋಗುತ್ತದೆ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ವಾಸ್ತವದಲ್ಲಿ ಹೆಚ್ಚಿನ ಕೀಲುಗಳು ಪೂರಾ ಸವೆದು ಹಾಳಾಗುವುದಿಲ್ಲ. ಸವೆದ ಪುಡಿ ಸುತ್ತಲಿನ ಎಲುಬನ್ನು ಕರಗಿಸುತ್ತದೆ, ಹಿಡಿದುಕೊಂಡಿದ್ದ ಎಲುಬು ಇಲ್ಲವಾಗಿ ಕೀಲು ಸಡಿಲವಾಗುತ್ತದೆ. ವೈದ್ಯರ ಭಾಷೆಯಲ್ಲಿ ಇದು ಆಸ್ಟಿಯೊಲೈಸಿಸ್. ನೋವೇ ಇಲ್ಲದೆ ವರ್ಷಗಟ್ಟಲೆ ನಡೆಯುತ್ತದೆ ಎನ್ನುವುದೇ ಇದರ ದೊಡ್ಡ ಅಪಾಯ.

ಆಂಧ್ರದ ಗಡಿಯ ನಮ್ಮ ಆದೋನಿ, ಆಲೂರು, ಕೋಸಿಗಿ, ಕೌತಾಳಂ, ಹೊಳಗುಂದದ ಕಡೆ ಕೀಲು ಬದಲಾಯಿಸಿಕೊಂಡವರು ಈಗ ಊರೂರಲ್ಲಿ ಸಿಗುತ್ತಾರೆ. ಆಪರೇಷನ್ ಆದದ್ದು ಕರ್ನೂಲಿನಲ್ಲೋ, ಬಳ್ಳಾರಿಯಲ್ಲೋ, ರಾಯಚೂರಿನಲ್ಲೋ, ಹೈದರಾಬಾದಿನಲ್ಲೋ ಇರಬಹುದು. ಹೆಂಗಸರಲ್ಲಿ ಹೆಚ್ಚಾಗಿ ಮೊಣಕಾಲು. ಹತ್ತಿ ಬಿಡಿಸುವುದು, ಶೇಂಗಾ ಕೀಳುವುದು, ಕಳೆ ತೆಗೆಯುವುದು ಎಲ್ಲವೂ ಬಗ್ಗಿ, ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. ಗಂಡಸರಲ್ಲಿ ಸೊಂಟದ ಕೀಲು, ಅದೂ ಮೂವತ್ತು ನಲವತ್ತರ ವಯಸ್ಸಿನಲ್ಲಿ. ತೊಡೆಯೆಲುಬಿನ ತಲೆಗೆ ರಕ್ತ ಹರಿಯುವುದು ನಿಂತು ಅದು ಸತ್ತುಹೋಗುವ ಕಾಯಿಲೆಯೇ ಭಾರತದಲ್ಲಿ ಸೊಂಟದ ಕೀಲು ಬದಲಿಸಲು ಬಹುದೊಡ್ಡ ಕಾರಣ. ಕುಡಿತ, ಸ್ಟಿರಾಯ್ಡ್ ಮಾತ್ರೆ, ಬಿದ್ದು ಮುರಿದುಕೊಂಡದ್ದು, ಹೀಗೆ ಅದಕ್ಕೆ ಹಲವು ಮೂಲಗಳು. ಯುರೋಪಿನಲ್ಲಿ ಈ ಆಪರೇಷನ್ ಸಾಮಾನ್ಯವಾಗಿ ಅರವತ್ತು ದಾಟಿದವರಿಗೆ. ನಲವತ್ತಕ್ಕೆ ಹಾಕಿಸಿಕೊಂಡ ನಮ್ಮವನು ಅದೇ ಕೀಲಿನ ಮೇಲೆ ಇನ್ನೂ ಮೂವತ್ತು ವರ್ಷ ನಡೆಯಬೇಕು, ಹೊರೆ ಹೊರಬೇಕು. ಪುಡಿಯ ಲೆಕ್ಕ ನಮಗೇ ಹೆಚ್ಚು ಮುಖ್ಯ ಎನ್ನುವುದು ಅದಕ್ಕೆ.

ಸೊಂಟದ ಕೃತಕ ಕೀಲಿನಲ್ಲಿ ಸಾಮಾನ್ಯವಾಗಿ ಟೈಟಾನಿಯಂನ ಒಂದು ಕಡ್ಡಿ ತೊಡೆಯೆಲುಬಿನೊಳಗೆ ಇಳಿದಿರುತ್ತದೆ. ಅದರ ತುದಿಗೆ ಕೋಬಾಲ್ಟ್-ಕ್ರೋಮಿಯಂನದೋ ಸೆರಾಮಿಕ್‌ನದೋ ಗುಂಡು. ಆ ಗುಂಡು ಕೂರುವ ಬಟ್ಟಲಿನ ಒಳಗೆ ಪಾಲಿಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲೈನರ್. ಮೊಣಕಾಲಿನಲ್ಲೂ ಎರಡು ಲೋಹದ ತುಂಡುಗಳ ನಡುವೆ ಅದೇ ಪ್ಲಾಸ್ಟಿಕ್. ಲೋಹ ಪ್ಲಾಸ್ಟಿಕ್ಕಿನ ಮೇಲೆ ಉಜ್ಜುತ್ತದೆ, ಪ್ಲಾಸ್ಟಿಕ್ ಸವೆಯುತ್ತದೆ. ಹಳೆಯ ಬಗೆಯ ಪ್ಲಾಸ್ಟಿಕ್ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತಿತ್ತು. ಕೇಳಿದರೆ ನಗು ಬರುವಷ್ಟು ಕಡಿಮೆ, ಹತ್ತು ವರ್ಷಕ್ಕೆ ಒಂದು ಮಿಲಿಮೀಟರ್. ಆದರೆ ಆ ಸವಕಳಿ ಒಂದೇ ಚೂರಾಗಿ ಕಳಚಿಕೊಳ್ಳುವುದಿಲ್ಲ. ಒಂದೊಂದು ಹೆಜ್ಜೆಗೆ ಲಕ್ಷಗಟ್ಟಲೆ ಕಣಗಳು ಉದುರುತ್ತವೆ, ಐದು ಲಕ್ಷದವರೆಗೂ ಇರಬಹುದು ಎಂದು ಈ ಕ್ಷೇತ್ರದವರು ಅಂದಾಜಿಸಿದ್ದಾರೆ. ಕೀಲನ್ನು ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ಹತ್ತು ಲಕ್ಷ ಹೆಜ್ಜೆಗಳನ್ನು ಒಂದು ವರ್ಷದ ಓಡಾಟಕ್ಕೆ ಸಮ ಎಂದು ಹಿಡಿಯುತ್ತಾರೆ. ಬೆಳಕು ಹರಿಯುವ ಮೊದಲೇ ಹೊಲಕ್ಕೆ ನಡೆದುಹೋಗುವ, ಶ್ರಾವಣದಲ್ಲಿ ಉರುಕುಂದದ ಈರಣ್ಣನ ಗುಡಿಗೆ ಕಾಲ್ನಡಿಗೆಯಲ್ಲಿ ಹೊರಡುವ ನಮ್ಮವರಿಗೆ ಆ ಲೆಕ್ಕ ಸಾಲದು ಅನಿಸುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ದೊಡ್ಡ ಚೂರುಗಳಿಗಿಂತ ಸಣ್ಣ ಕಣಗಳೇ ಎಲುಬಿಗೆ ಹೆಚ್ಚು ಕೇಡು. ಹತ್ತು ಮೈಕ್ರಾನ್‌ಗಿಂತ ದೊಡ್ಡ ಚೂರನ್ನು ಒಂದು ಕೋಶ ನುಂಗಲಾರದು. ಹಲವು ಕೋಶಗಳು ಸೇರಿ ಅದನ್ನು ಸುತ್ತುವರಿದು ಕೂರುತ್ತವೆ, ಗಲಾಟೆ ಅಲ್ಲಿಗೆ ಬಹುಮಟ್ಟಿಗೆ ತಣ್ಣಗಾಗುತ್ತದೆ. 0.1ರಿಂದ 1 ಮೈಕ್ರಾನ್ ಒಳಗಿನ ಕಣ ಹಾಗಲ್ಲ. ಅದು ಸರಿಸುಮಾರು ಬ್ಯಾಕ್ಟೀರಿಯಾದ ಗಾತ್ರ. ದೇಹದ ಕಾವಲಿಗಿರುವ ಮ್ಯಾಕ್ರೊಫೇಜ್ ಕೋಶಗಳು ಅಂಥದ್ದನ್ನು ಕಂಡರೆ ನುಂಗುವುದಕ್ಕೇ ಹುಟ್ಟಿದವು. ಬ್ಯಾಕ್ಟೀರಿಯಾ ಆಗಿದ್ದರೆ ನುಂಗಿ, ಕಿಣ್ವ ಸುರಿದು ಜೀರ್ಣಿಸಿಬಿಡುತ್ತಿದ್ದವು. ಪಾಲಿಥಿಲೀನನ್ನು ಒಡೆಯುವ ಕಿಣ್ವ ಮನುಷ್ಯರ ದೇಹದಲ್ಲಿಲ್ಲ. ನುಂಗಿದ ಕೋಶ ಅದನ್ನು ಅರಗಿಸಲಾಗದೆ, ಉಗುಳಲೂ ಆಗದೆ ಕೆರಳುತ್ತದೆ. ಅದು ಸತ್ತರೆ ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ನುಂಗುತ್ತದೆ.

ಕೆರಳಿದ ಕೋಶ ಸುಮ್ಮನಿರುವುದಿಲ್ಲ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಸಂದೇಶಗಳನ್ನು ಸುತ್ತಲೂ ಸುರಿಯುತ್ತದೆ. ಅವು ತಲುಪುವುದು ಎಲುಬಿಗೆ. ಎಲುಬು ಕಲ್ಲಿನ ಹಾಗೆ ಸುಮ್ಮನೆ ಬಿದ್ದಿರುವ ವಸ್ತು ಎಂದು ನಾವು ತಿಳಿದಿರುತ್ತೇವೆ, ಹಾಗಲ್ಲ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಎಲುಬನ್ನು ಕರಗಿಸುತ್ತಿರುತ್ತವೆ, ಆಸ್ಟಿಯೊಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತಿರುತ್ತವೆ. ಸಾಯುವವರೆಗೂ ಈ ಕೆಲಸ ನಿಲ್ಲುವುದಿಲ್ಲ. ಎಷ್ಟು ಕರಗಬೇಕು ಎಂಬುದನ್ನು ನಿಭಾಯಿಸುವ ಎರಡು ಪ್ರೋಟೀನುಗಳು 1997-98ರ ಸುಮಾರಿಗೆ ಪತ್ತೆಯಾದವು. ರ‍್ಯಾಂಕ್-ಎಲ್ ಎಂಬುದು ಕರಗಿಸುವ ಕೋಶಗಳನ್ನು ಹುಟ್ಟುಹಾಕಿ ಎಬ್ಬಿಸುತ್ತದೆ, ಆಸ್ಟಿಯೊಪ್ರೊಟೆಜೆರಿನ್ ಎಂಬುದು ಅದಕ್ಕೆ ಅಡ್ಡ ನಿಲ್ಲುತ್ತದೆ. ಸೋಜಿಗವೆಂದರೆ ಎರಡನ್ನೂ ಮಾಡುವುದು ಎಲುಬು ಕಟ್ಟುವ ಬಳಗದ ಕೋಶಗಳೇ. ಮ್ಯಾಕ್ರೊಫೇಜ್‌ಗಳ ಸಂದೇಶ ಬಂದೊಡನೆ ಅವು ರ‍್ಯಾಂಕ್-ಎಲ್ ಹೆಚ್ಚಿಸುತ್ತವೆ. ರಕ್ತದಲ್ಲಿ ಬಂದ ಎಳೆಯ ಕೋಶಗಳು ಒಂದರೊಳಗೊಂದು ಬೆಸೆದುಕೊಂಡು ಹಲವು ಕೇಂದ್ರಗಳಿರುವ ದೊಡ್ಡ ಆಸ್ಟಿಯೊಕ್ಲಾಸ್ಟ್‌ಗಳಾಗುತ್ತವೆ. ಅವು ಎಲುಬಿಗೆ ಅಂಟಿ ಕೂತು, ಅಂಚನ್ನು ಭದ್ರವಾಗಿ ಮುಚ್ಚಿಕೊಂಡು, ಒಳಗೆ ಆಮ್ಲ ಸುರಿದು ಸುಣ್ಣದ ಅಂಶವನ್ನು ಕರಗಿಸುತ್ತವೆ. ಉಳಿದ ನಾರಿನಂಥ ಕೊಲಾಜನ್ನನ್ನು ಕೆಥೆಪ್ಸಿನ್-ಕೆ ಎಂಬ ಕಿಣ್ವ ಕತ್ತರಿಸುತ್ತದೆ. ಅತ್ತ ಕಟ್ಟುವ ಕೋಶಗಳ ಕೆಲಸವನ್ನೂ ಕಣಗಳು ಮಂದ ಮಾಡುತ್ತವೆ. ಆದಾಯ ನಿಂತು ಖರ್ಚು ಏರಿದ ಮನೆಯಲ್ಲಿ ಎಷ್ಟು ದಿನ ಬಂಡವಾಳ ಉಳಿದೀತು?

ಇಷ್ಟೆಲ್ಲ ನಡೆದರೂ ಕೀವಿಲ್ಲ, ಜ್ವರವಿಲ್ಲ. ಕರಗಿದ ಎಲುಬಿನ ಜಾಗದಲ್ಲಿ ಮೆತ್ತನೆಯ ಒಂದು ಪೊರೆ ಬೆಳೆದುಕೊಳ್ಳುತ್ತದೆ. ಅದು ಸುಮ್ಮನೆ ತುಂಬಿಕೊಂಡ ಗಾಯದ ಮಾಂಸವಲ್ಲ, ತಾನೇ ಎಲುಬು ತಿನ್ನುವ ವಸ್ತುಗಳನ್ನು ಉತ್ಪಾದಿಸುತ್ತದೆ ಎಂದು ಅಮೆರಿಕದ ಗೋಲ್ಡ್‌ರಿಂಗ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಪುಡಿ ಒಂದೇ ಕಡೆ ನಿಲ್ಲುವುದೂ ಇಲ್ಲ. ಕೀಲಿನ ನೀರಿನ ಜತೆ ಕಡ್ಡಿಯ ಪಕ್ಕದ ಸಂದಿಯಲ್ಲಿ, ಸ್ಕ್ರೂ ತೂತುಗಳಲ್ಲಿ, ಎಲ್ಲೆಲ್ಲಿ ದಾರಿ ಸಿಗುತ್ತದೋ ಅಲ್ಲಿಗೆಲ್ಲ ಹರಿಯುತ್ತದೆ. ನೀರು ತಲುಪುವಷ್ಟು ದೂರವೂ ಕೀಲೇ ಎಂದು ಷ್ಮಾಲ್ಜ್ರೀಡ್ ಮತ್ತವರ ಸಂಗಡಿಗರು 1992ರಲ್ಲಿ ವಿವರಿಸಿದ ಮೇಲೆ, ಉಜ್ಜುವ ಜಾಗದಿಂದ ದೂರದಲ್ಲಿ, ಕಡ್ಡಿಯ ತುದಿಯ ಬಳಿ ಎಲುಬು ಯಾಕೆ ಕರಗುತ್ತದೆ ಎಂಬ ಒಗಟು ಬಿಡಿಸಿಕೊಂಡಿತು.

ಈ ತಿಳಿವಳಿಕೆಗೆ ಬರಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು, ನಡುವೆ ಒಂದು ತಪ್ಪು ದಾರಿಯೂ ಇತ್ತು. ಇಂದಿನ ಸೊಂಟದ ಕೀಲಿನ ಜನಕ ಎಂದು ಕರೆಸಿಕೊಳ್ಳುವ ಇಂಗ್ಲೆಂಡಿನ ಜಾನ್ ಚಾರ್ನ್‌ಲೀ 1950ರ ದಶಕದ ಕೊನೆಯಲ್ಲಿ ಬಟ್ಟಲಿಗೆ ಬಳಸಿದ್ದು ಟೆಫ್ಲಾನ್. ಇವತ್ತು ನಮ್ಮ ದೋಸೆ ಕಾವಲಿಗೆ ಬಳಿಯುತ್ತಾರಲ್ಲ, ಅದೇ. ಜಾರುತ್ತದೆ, ಆದ್ದರಿಂದ ಸವೆಯದು ಎಂಬ ಲೆಕ್ಕ. ಸುಮಾರು ಮುನ್ನೂರು ಜನರಿಗೆ ಹಾಕಿದ ಮೇಲೆ ಎರಡು ಮೂರು ವರ್ಷದೊಳಗೆ ಬಟ್ಟಲುಗಳು ಸವೆದುಹೋದವು, ಸುತ್ತ ಗಿಣ್ಣಿನಂಥ ಬಿಳಿ ಪುಡಿ ತುಂಬಿಕೊಂಡಿತು. ಚಾರ್ನ್‌ಲೀ ಆ ಪುಡಿಯನ್ನು ತನ್ನದೇ ತೊಡೆಗೆ ಹಾಕಿಸಿಕೊಂಡ. ಪಕ್ಕದಲ್ಲೇ ಹೊಸದಾಗಿ ಕೈಗೆ ಬಂದಿದ್ದ ಪಾಲಿಥಿಲೀನಿನ ಪುಡಿಯನ್ನೂ. ಒಂಬತ್ತು ತಿಂಗಳ ನಂತರ ಟೆಫ್ಲಾನ್ ಇದ್ದ ಜಾಗದಲ್ಲಿ ಗಂಟುಗಳು ಬೆಳೆದಿದ್ದವು, ಪಾಲಿಥಿಲೀನಿನದು ಕೈಗೆ ಸಿಗುವ ಹಾಗಿರಲಿಲ್ಲ. 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಬರೆದ. ಪಾಲಿಥಿಲೀನ್ ಗೆದ್ದಿತು, ಇವತ್ತಿಗೂ ನಮ್ಮೊಳಗಿರುವುದು ಅದೇ. ಆ ವೈದ್ಯನ ಧೈರ್ಯಕ್ಕೆ ತಲೆಬಾಗಬೇಕು. ಆದರೆ ತೊಡೆಯ ಮಾಂಸದಲ್ಲಿ ಒಂಬತ್ತು ತಿಂಗಳು ಸುಮ್ಮನಿದ್ದ ವಸ್ತು, ಕೀಲಿನೊಳಗೆ ಹತ್ತು ವರ್ಷ ಪ್ರತಿ ಹೆಜ್ಜೆಗೂ ಉದುರಿದರೆ ಏನು ಮಾಡುತ್ತದೆ ಎಂಬುದನ್ನು ಆ ಪ್ರಯೋಗ ಹೇಳಲಾರದಾಗಿತ್ತು.

1970ರ ದಶಕದಲ್ಲಿ ಎಲುಬು ಕರಗಿದ ಎಕ್ಸ್-ರೇಗಳು ಬರತೊಡಗಿದಾಗ ಬಹಳಷ್ಟು ಸರ್ಜನ್ನರು ಬೆರಳು ತೋರಿಸಿದ್ದು ಕೀಲನ್ನು ಕೂರಿಸಲು ಬಳಸುವ ಸಿಮೆಂಟಿನ ಕಡೆಗೆ. 1987ರ ಹೊತ್ತಿಗೆ ಅದಕ್ಕೆ ಸಿಮೆಂಟ್ ಕಾಯಿಲೆ ಎಂಬ ಹೆಸರೇ ಬಿದ್ದಿತ್ತು. ಸಿಮೆಂಟಿಲ್ಲದ ಕೀಲುಗಳು ಬಂದವು. ಅವುಗಳ ಸುತ್ತಲೂ ಎಲುಬು ಕರಗಿತು. ಜರ್ಮನಿಯ ವಿಲ್ಲರ್ಟ್ ಮತ್ತು ಸ್ವಿಟ್ಜರ್ಲೆಂಡಿನ ಸೆಮ್ಲಿಟ್ಶ್ 1977ರಲ್ಲೇ ಸವೆದ ಪುಡಿಯ ಕಡೆ ಬೊಟ್ಟು ಮಾಡಿದ್ದರು. ಅದನ್ನು ಎಲ್ಲರೂ ಒಪ್ಪುವ ಹೊತ್ತಿಗೆ 90ರ ದಶಕ ಬಂದಿತ್ತು.

ಕೌತಾಳಂ ಕಡೆಯ ನಮ್ಮ ಸೋದರತ್ತೆಯ ಎಕ್ಸ್-ರೇ ಒಂದನ್ನು ಎಲುಬಿನ ಡಾಕ್ಟರೊಬ್ಬರು ನನಗೆ ಬಿಡಿಸಿ ತೋರಿಸಿದ್ದರು. ಬೇರೆ ಯಾವುದಕ್ಕೋ ಹೋದಾಗ ತೆಗೆದ ಫಿಲಂ. ಸೊಂಟದ ಕೀಲು ಹಾಕಿಸಿ ಹತ್ತು ಹದಿನೈದು ವರ್ಷವಾಗಿತ್ತು. ಡಾಕ್ಟರು ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿ ಇಟ್ಟರು. ಗುಂಡು ಬಟ್ಟಲಿನ ನಟ್ಟನಡುವೆ ಇರಬೇಕು. ಇಲ್ಲಿ ಮೇಲಕ್ಕೆ ಸರಿದು ಕೂತಿತ್ತು. ಪ್ಲಾಸ್ಟಿಕ್ ಎಕ್ಸ್-ರೇಯಲ್ಲಿ ಕಾಣಿಸದು, ಅದು ಎಷ್ಟು ಸವೆದಿದೆ ಎಂಬುದನ್ನು ಗುಂಡು ಎಷ್ಟು ಸರಿದಿದೆ ಎನ್ನುವುದರಿಂದಲೇ ಅಳೆಯಬೇಕು. ಆಮೇಲೆ ಪೆನ್ನು ಬಟ್ಟಲಿನ ಮೇಲಕ್ಕೆ ಹೋಯಿತು. ಬೆಳ್ಳಗಿರಬೇಕಾದ ಎಲುಬಿನಲ್ಲಿ ಸ್ಕ್ರೂ ಸುತ್ತ ಕಪ್ಪನೆಯ ಗುಳಿ, ಅಂಚು ಗೆದ್ದಲು ತಿಂದಂತೆ ಅಂಕುಡೊಂಕು.

"ನೋವೇನಾದ್ರೂ ಐತೇನಮ್ಮಾ?" ಎಂದರು ಡಾಕ್ಟರು.

"ಏನೂ ಇಲ್ರೀ ಸಾರ್. ಹತ್ತಿ ಬಿಡಸಾಕ ಹೋಗಾಕತ್ತೀನಿ. ನೋವಿಲ್ಲದ್ದಕ್ಕ ಯಾಕ್ರಿ ಫೋಟೋ ತಗಸೋದು, ರೊಕ್ಕ ದಂಡ?"

ಅತ್ತೆಯ ಮಾತಿನಲ್ಲಿ ತಪ್ಪೇನಿಲ್ಲ, ನಮ್ಮಲ್ಲಿ ಎಲ್ಲರೂ ಹೇಳುವುದು ಅದನ್ನೇ. ಕೀಲು ಇನ್ನೂ ಬಿಗಿಯಾಗಿ ಕೂತಿರುವಷ್ಟು ದಿನ ಎಲುಬು ಕರಗುವುದು ನೋಯುವುದಿಲ್ಲ. ನೋವು ಶುರುವಾಗುವುದು ಕೀಲು ಅಲುಗಾಡತೊಡಗಿದಾಗ, ಇಲ್ಲವೇ ತೆಳ್ಳಗಾದ ಎಲುಬು ಎಡವಿದ್ದೇ ನೆಪವಾಗಿ ಮುರಿದಾಗ. ಇನ್ನೊಂದು ತೊಡಕೂ ಇದೆ. ಸುಣ್ಣದ ಅಂಶ ಸಾಕಷ್ಟು ಕರಗುವವರೆಗೆ ಸಾದಾ ಎಕ್ಸ್-ರೇಗೂ ಅದು ಕಾಣಿಸುವುದಿಲ್ಲ, ಕಂಡದ್ದಕ್ಕಿಂತ ಗುಳಿ ಸಾಮಾನ್ಯವಾಗಿ ದೊಡ್ಡದು. ಅತ್ತೆಗೆ ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಡಾಕ್ಟರ ಪೆನ್ನು ತೋರಿಸಿದ್ದಕ್ಕಿಂತ ಹೆಚ್ಚೇ ಇತ್ತು. ಬಟ್ಟಲು ಮಾತ್ರ ಅಲುಗಿರಲಿಲ್ಲ. ಹಾಗಾಗಿ ಲೈನರ್ ಮತ್ತು ಗುಂಡು ಬದಲಿಸಿ, ಗುಳಿಗೆ ಎಲುಬಿನ ಪುಡಿ ತುಂಬಿ ಮುಗಿಸಿದರು.

ಪ್ಲಾಸ್ಟಿಕ್ಕೇ ಬೇಡ, ಲೋಹದ ಮೇಲೆ ಲೋಹವನ್ನೇ ಉಜ್ಜಿಸೋಣ ಎಂದು ಹೊರಟವರ ಕತೆ ಇನ್ನೂ ಕೆಟ್ಟದ್ದು. ಲೋಹ ಸವೆಯುವುದು ಪ್ಲಾಸ್ಟಿಕ್ಕಿಗಿಂತ ಬಹಳ ಕಡಿಮೆ, ನಿಜ. ಆದರೆ ಕೋಬಾಲ್ಟ್-ಕ್ರೋಮಿಯಂನ ಕಣಗಳು ಇನ್ನೂ ಸಣ್ಣವು, ಸಂಖ್ಯೆಯಲ್ಲಿ ಇನ್ನೂ ಹೆಚ್ಚು, ಸಾಲದ್ದಕ್ಕೆ ಅಯಾನುಗಳಾಗಿ ರಕ್ತಕ್ಕೂ ಸೇರುತ್ತವೆ. ಕೆಲವರ ದೇಹ ಅದನ್ನು ಅಲರ್ಜಿಯ ಹಾಗೆ ಎದುರಿಸುತ್ತದೆ. ಎಲುಬಿನ ಜತೆಗೆ ಸುತ್ತಲಿನ ಸ್ನಾಯುವೂ ಕೊಳೆತಂತಾಗಿ ಗಡ್ಡೆ ಕಟ್ಟುತ್ತದೆ. ಜಾನ್ಸನ್ ಅಂಡ್ ಜಾನ್ಸನ್‌ನ ಅಂಗಸಂಸ್ಥೆ ಡಿಪ್ಯೂ ತಯಾರಿಸಿದ ಎಎಸ್‌ಆರ್ ಎಂಬ ಸೊಂಟದ ಕೀಲಿನಲ್ಲಿ ಆದದ್ದು ಇದೇ. ಆಸ್ಟ್ರೇಲಿಯಾದಲ್ಲಿ ಕೀಲು ಹಾಕಿಸಿಕೊಂಡ ಪ್ರತಿಯೊಬ್ಬರ ದಾಖಲೆಯನ್ನೂ ರಾಷ್ಟ್ರೀಯ ರಿಜಿಸ್ಟ್ರಿಯಲ್ಲಿ ಇಡುತ್ತಾರೆ. 2007ರಿಂದಲೇ ಆ ಪುಸ್ತಕ ಈ ಕೀಲಿನ ಮೇಲೆ ಎಚ್ಚರಿಕೆ ಕೊಡುತ್ತಿತ್ತು. 2009ರ ಕೊನೆಗೆ ಅಲ್ಲಿನ ಮಾರುಕಟ್ಟೆಯಿಂದ ಅದು ಹೋಯಿತು, 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆದರು. ಅಷ್ಟರಲ್ಲಿ ಸುಮಾರು 93,000 ಜನರಿಗೆ ಹಾಕಿಯಾಗಿತ್ತು.

ಭಾರತದಲ್ಲಿ ಹಾಕಿದ್ದು ಸುಮಾರು 4,700. ಕೇಂದ್ರ ಆರೋಗ್ಯ ಸಚಿವಾಲಯ ತಜ್ಞರ ಸಮಿತಿ ನೇಮಿಸಿದ್ದು 2017ರಲ್ಲಿ, ವಾಪಸ್ ಪಡೆದ ಏಳು ವರ್ಷಕ್ಕೆ. 2018ರಲ್ಲಿ ಪರಿಹಾರದ ಸೂತ್ರ ಬಂತು, 30 ಲಕ್ಷದಿಂದ ಸುಮಾರು 1.23 ಕೋಟಿ ರೂಪಾಯಿವರೆಗೆ. ಆದರೆ ಪರಿಹಾರ ಯಾರಿಗೆ ಕೊಡುವುದು? ಹಾಕಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನರ ಪತ್ತೆಯೇ ಇರಲಿಲ್ಲ. ವಿಳಾಸವಿಲ್ಲ, ಫೋನಿಲ್ಲ, ಒಳಗಿರುವುದು ಯಾವ ಕಂಪನಿಯ ಕೀಲು ಎಂದು ಎಷ್ಟೋ ರೋಗಿಗಳಿಗೇ ತಿಳಿದಿರಲಿಲ್ಲ. ನಮ್ಮಲ್ಲೂ ಸೊಂಟ-ಮೊಣಕಾಲು ಸರ್ಜನ್ನರ ಸಂಘ ರಿಜಿಸ್ಟ್ರಿ ನಡೆಸುತ್ತದೆ. ಆದರೆ ಅದಕ್ಕೆ ಮಾಹಿತಿ ಕೊಡುವುದು ಸರ್ಜನ್ನರ ಇಚ್ಛೆಗೆ ಬಿಟ್ಟದ್ದು. ಒಂದು ಬೈಕ್ ಕೊಂಡರೆ ಎಂಜಿನ್ ನಂಬರ್, ಚಾಸಿ ನಂಬರ್ ಸರ್ಕಾರದ ಪುಸ್ತಕಕ್ಕೆ ಏರುವ ದೇಶದಲ್ಲಿ ದೇಹದೊಳಗೆ ಇಳಿಸುವ ಲೋಹಕ್ಕೆ ಆ ಕಟ್ಟುನಿಟ್ಟು ಇಲ್ಲ ಎನ್ನುವುದನ್ನು ನಾನಂತೂ ಒಪ್ಪಲಾರೆ.

ನಮ್ಮ ಸೀಮೆಯಲ್ಲಿ ಈ ಪತ್ತೆ ತಪ್ಪುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಒಂದು ಗುಳೆ. ಮಳೆ ಕೈಕೊಟ್ಟರೆ ಕೋಸಿಗಿ, ಮಂತ್ರಾಲಯ, ಪೆದ್ದಕಡುಬೂರಿನ ಕಡೆಯವರು ಮನೆಗೆ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ತಿಂಗಳು ಅವರು ಊರಲ್ಲೇ ಇರುವುದಿಲ್ಲ. ಇನ್ನೊಂದು ಗಡಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ಆಂಧ್ರಕ್ಕೆ ಹೋದವು. ನೆಂಟಸ್ತನ, ಸಂತೆ, ಆಸ್ಪತ್ರೆ ಮಾತ್ರ ಬಳ್ಳಾರಿ ಕಡೆಗೇ ಉಳಿದವು. ಆರೋಗ್ಯ ಯೋಜನೆಯ ಕಾರ್ಡು ಒಂದು ರಾಜ್ಯದ್ದು, ಹಳೆಯ ಫಿಲಂ ಇನ್ನೊಂದು ರಾಜ್ಯದ ಆಸ್ಪತ್ರೆಯದು. ಆಪರೇಷನ್ ಮಾಡಿದವರು ಒಬ್ಬರು, ಹತ್ತು ವರ್ಷದ ಮೇಲೆ ನೋಡುವವರು ಇನ್ನೊಬ್ಬರು.

ಹಾಗಿರುವಾಗ ರೋಗಿಯ ಕೈಯಲ್ಲಿರುವ ಒಂದು ಸಣ್ಣ ಕಾಗದಕ್ಕೆ ಬಹಳ ಬೆಲೆಯಿದೆ. ಪ್ರತಿ ಕೀಲಿನ ಡಬ್ಬಿಯಲ್ಲೂ ಅಂಟಿಸುವ ಸ್ಟಿಕ್ಕರುಗಳು ಬರುತ್ತವೆ. ಕಂಪನಿ, ಅಳತೆ, ಲಾಟ್ ನಂಬರ್, ಯಾವ ಬಗೆಯ ಪ್ಲಾಸ್ಟಿಕ್ ಎಲ್ಲ ಅದರಲ್ಲಿರುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅದನ್ನು ಕಿತ್ತು ಕೇಸ್ ಶೀಟಿಗೆ ಅಂಟಿಸುತ್ತಾರೆ. ಒಂದನ್ನು ನಮ್ಮ ಡಿಸ್ಚಾರ್ಜ್ ಚೀಟಿಗೂ ಅಂಟಿಸಿಕೊಡಿ ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕೇಳಬೇಕು, ಅಷ್ಟೇ. ಲೈನರ್ ಬದಲಿಸುವ ದಿನ ಬಂದರೆ ಹೊಸದು ಆ ಬಟ್ಟಲಿಗೆ ಕೂರುತ್ತದೋ ಇಲ್ಲವೋ ಎಂದು ತಿಳಿಯುವುದು ಆ ಸ್ಟಿಕ್ಕರಿನಿಂದ. ಇಲ್ಲದಿದ್ದರೆ ಬಿಗಿಯಾಗಿ ಕೂತ ಬಟ್ಟಲನ್ನೂ ಕಿತ್ತು ತೆಗೆಯಬೇಕಾಗಬಹುದು.

ಈಚೆಗೆ ಹಾಕಿಸಿಕೊಂಡವರಿಗೆ ಧೈರ್ಯ ಹೇಳುವ ಸಂಗತಿಯೂ ಇದೆ. 1990ರ ದಶಕದ ನಡುವಿನವರೆಗೆ ಪ್ಲಾಸ್ಟಿಕ್ಕನ್ನು ಗಾಳಿಯಲ್ಲೇ ಗಾಮಾ ಕಿರಣ ಹಾಯಿಸಿ ಶುದ್ಧ ಮಾಡುತ್ತಿದ್ದರು, ಅದರಿಂದ ಅದು ಡಬ್ಬಿಯೊಳಗೇ ಆಕ್ಸಿಡೀಕರಣವಾಗಿ ಪೆಡಸಾಗುತ್ತಿತ್ತು. ಆ ದಶಕದ ಕೊನೆಗೆ ಬಂದ ಹೊಸ ಪ್ಲಾಸ್ಟಿಕ್ಕಿನಲ್ಲಿ ಅಣುಗಳ ಸರಪಳಿಗಳನ್ನು ಅಡ್ಡಡ್ಡ ಬೆಸೆದಿರುತ್ತಾರೆ. ಅದು ಸವೆಯುವುದು ಹಳೆಯದರ ಒಂದು ಸಣ್ಣ ಪಾಲು. ವರ್ಷಕ್ಕೆ 0.05 ಮಿಲಿಮೀಟರಿಗಿಂತ ಕಡಿಮೆ ಸವೆದರೆ ಎಲುಬು ಕರಗುವುದು ಬಹುತೇಕ ಕಾಣಿಸುವುದಿಲ್ಲ, ಹೊಸ ಪ್ಲಾಸ್ಟಿಕ್ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ. ಸೆರಾಮಿಕ್ ಗುಂಡು ಸೇರಿದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಎಲುಬು-ಕೀಲಿಗೆ ಹೊಂದುವ ಹೊಸ ವಸ್ತುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮದ್ದಿನ ಕಡೆಯೂ ಒಂದು ಬೆಳಕಿದೆ. ರ‍್ಯಾಂಕ್-ಎಲ್ ಅನ್ನು ಕಟ್ಟಿಹಾಕುವ ಡೆನೊಸುಮಾಬ್ ಎಂಬ ಇಂಜೆಕ್ಷನ್ ಎಲುಬು ಸವಕಲಾದ ವಯಸ್ಸಾದವರಿಗೆ ಕೊಡುವಂಥದ್ದು. ಅದು ಕೀಲಿನ ಸುತ್ತ ಎಲುಬು ತಿನ್ನುವ ಕೋಶಗಳನ್ನೂ ತಗ್ಗಿಸುತ್ತದೆ ಎಂದು ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 2022ರಲ್ಲಿ ಸಣ್ಣದೊಂದು ಪ್ರಯೋಗದಲ್ಲಿ ಕಂಡಿದ್ದಾರೆ. ಆದರೆ ಕಣಗಳನ್ನು ಹೊರಗೆ ಹಾಕುವ ಮದ್ದು ಯಾವುದೂ ಇಲ್ಲ. ಕ್ಯಾಲ್ಸಿಯಂ ಮಾತ್ರೆಯಿಂದ ಇದು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊಣಕಾಲಿನ ಕೀಲಿನಲ್ಲಿ ಕತೆ ಸ್ವಲ್ಪ ಬೇರೆ. ಅಲ್ಲಿ ಪ್ಲಾಸ್ಟಿಕ್ ಪದರಪದರವಾಗಿ ಏಳುವುದು ಹೆಚ್ಚು, ಚೂರುಗಳು ದೊಡ್ಡವು, ಹಾಗಾಗಿ ಎಲುಬು ಕರಗುವುದು ಸೊಂಟಕ್ಕಿಂತ ಕಡಿಮೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳುವುದು ಆ ಪದರ ಏಳದಿರಲಿ ಎಂದೂ ಹೌದು. ಪೂರ್ತಿ ಮಡಚಿದಾಗ ಭಾರವೆಲ್ಲ ಪ್ಲಾಸ್ಟಿಕ್ಕಿನ ಹಿಂದಿನ ಅಂಚಿನ ಮೇಲೆ ಬೀಳುತ್ತದೆ.

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಕೀಲುಗಳಿಗೆ ಬೆಲೆ ಮಿತಿ ಹಾಕಿದಾಗ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಎರಡನೆಯ ಸಲ ಹಾಕುವ ಕೀಲಿಗೆ 62,770 ರೂಪಾಯಿ ಎಂದು ಗೊತ್ತುಮಾಡಿತು. ಎರಡಕ್ಕೂ ಅಂತರ ದೊಡ್ಡದಲ್ಲ ಅನಿಸಬಹುದು. ಅದು ಕೀಲಿನ ಬೆಲೆ ಮಾತ್ರ. ಸೊಂಟದ ಕೀಲನ್ನೇ ನೋಡಿ: ಎಲುಬು ಉಳಿದಿರುವಾಗಲೇ ಮಾಡಿದರೆ ಎರಡನೆಯ ಆಪರೇಷನ್ ಲೈನರ್ ಬದಲಿಸುವಷ್ಟಕ್ಕೇ ಮುಗಿಯಬಹುದು. ಬಟ್ಟಲು ಸಡಿಲವಾಗಿ ಸೊಂಟದ ಎಲುಬೇ ತೂತಾದ ಮೇಲೆ ಆದರೆ ಬೇರೆಯವರ ಎಲುಬು ತಂದು ತುಂಬಬೇಕು, ಲೋಹದ ಪಂಜರ ಕೂರಿಸಬೇಕು, ಅಂಥದ್ದನ್ನು ಮಾಡುವ ಸರ್ಜನ್ನರನ್ನು ಹುಡುಕಿಕೊಂಡು ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಅಷ್ಟಾದರೂ ಮೊದಲಿನ ನಡಿಗೆ ಬರುವ ಖಾತ್ರಿ ಇಲ್ಲ.

ಎಕ್ಸ್-ರೇಗೆ ಅಷ್ಟು ದೂರ ಹೋಗಬೇಕಿಲ್ಲ, ಆದೋನಿಯಲ್ಲೇ ತೆಗೆಸಬಹುದು. ಆಪರೇಷನ್ ಆದ ವರ್ಷಕ್ಕೊಂದು, ಆಮೇಲೆ ಕೆಲವು ವರ್ಷಕ್ಕೊಮ್ಮೆ, ಹತ್ತು ವರ್ಷ ದಾಟಿದ ಮೇಲೆ ಇನ್ನೂ ಬೇಗ ಬೇಗ. ಎಷ್ಟಕ್ಕೊಮ್ಮೆ ಎಂದು ನಿಮ್ಮ ಡಾಕ್ಟರನ್ನೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ತೋರಿಸಲು ಹೋಗುವಾಗ ಹಳೆಯ ಫಿಲಂಗಳನ್ನೂ ಒಯ್ಯಿರಿ. ಗುಂಡು ಎಷ್ಟು ಸರಿದಿದೆ, ಗುಳಿ ಎಷ್ಟು ದೊಡ್ಡದಾಗಿದೆ ಎಂದು ತಿಳಿಯುವುದು ಎರಡನ್ನೂ ಅಕ್ಕಪಕ್ಕ ಇಟ್ಟಾಗ. ದೀಪಾವಳಿಗೆ ಮನೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಇಳಿಸಿ ಗುಜರಿಯವನಿಗೆ ಕೊಡುವ ಸಾಮಾನಿನಲ್ಲಿ ಆ ಹಳೆಯ ಫಿಲಂ ಸೇರದಿರಲಿ.